ಹಿತ್ತಲ ಕೋಳಿಯ ಹೊಟ್ಟೆ ಕೆಟ್ಟಾಗ: ಕೋಳಿ ಸಾಕಿದ ಮನೆಗಳಿಗೆ ಬಹಿರಂಗ ಪತ್ರ

ಹಿತ್ತಲಲ್ಲಿ, ಅಂಗಳದಲ್ಲಿ, ತಾರಸಿಯಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡಿರುವ ಎಲ್ಲ ಮನೆಯವರಿಗೆ,

ಕೋಳಿಯ ಹೊಟ್ಟೆ ಕೆಟ್ಟಿದೆ ಎಂಬುದು ಮೊದಲು ಗೊತ್ತಾಗುವುದು ಎರಡು ಕಡೆ: ಕೊರಳ ಬುಡದಲ್ಲಿರುವ ಮೇವುಚೀಲದಲ್ಲಿ ಮತ್ತು ಹಿಕ್ಕೆಯಲ್ಲಿ. ಗರಿ ಕೆದರಿಕೊಂಡು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಲ್ಲುವುದು ಹೆಚ್ಚುಕಡಿಮೆ ಎಲ್ಲ ಕಾಯಿಲೆಗೂ ಸಾಮಾನ್ಯ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಒಂದೆರಡು ದಿನ ಕಳೆದೇ ಹೋಗಿರುತ್ತದೆ. ದುರ್ಬಲವಾಗಿ ಕಂಡ ಕೋಳಿ ಹದ್ದಿಗೋ ನಾಯಿಗೋ ಗುರಿಯಾಗುತ್ತದೆ, ಜೊತೆಯ ಕೋಳಿಗಳೇ ಅದನ್ನು ಕುಕ್ಕಿ ಓಡಿಸುತ್ತವೆ. ಹಾಗಾಗಿ ಕಾಲಲ್ಲಿ ಶಕ್ತಿ ಇರುವವರೆಗೂ ಅದು ಎಲ್ಲರ ಜೊತೆ ಕೆದಕುತ್ತ, ಕಾಳು ಕುಕ್ಕಿದಂತೆ ಮಾಡುತ್ತ ತಿರುಗುತ್ತದೆ. ಕಾಳು ನಿಜವಾಗಿ ಒಳಗೆ ಹೋಯಿತೇ, ಹೋದದ್ದು ಅರಗಿತೇ ಎಂಬುದನ್ನು ಕೋಳಿಯ ನಡೆ ಹೇಳುವುದಿಲ್ಲ. ಅದಕ್ಕೆ ಮೇವುಚೀಲ ಮುಟ್ಟಬೇಕು, ಹಿಕ್ಕೆ ನೋಡಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು: ಮೊದಲು ಯಾವುದೋ ಮಾತ್ರೆ, ಆಮೇಲೆ ನೋಡುವುದು. ಈ ಪತ್ರದ ಕೋರಿಕೆ ಆ ಕ್ರಮವನ್ನು ಬದಲಿಸಬೇಕೆಂಬುದು.

ಕಾಯಿಲೆ ಬಿದ್ದ ಕೋಳಿಯನ್ನು ಸಾಯುವ ಮೊದಲೇ ಕೊಯ್ದುಬಿಡುವುದು ಹಳ್ಳಿಯ ಹಳೆಯ ಲೆಕ್ಕ. ಕೋಳಿ ಫಾರಂಗಳಲ್ಲಿ ಲೆಕ್ಕ ಸಾವಿರಗಳಲ್ಲಿರುತ್ತದೆ. ಅಲ್ಲಿ ಒಂದು ಕೋಳಿಗೆ ಔಷಧ ಕೊಡುವ ಪದ್ಧತಿಯೇ ಇಲ್ಲ, ಕೊಟ್ಟರೆ ಇಡೀ ಶೆಡ್ಡಿನ ನೀರಿಗೆ ಬೆರೆಸಿ ಕೊಡುತ್ತಾರೆ. ಮಕ್ಕಳು ಹೆಸರಿಟ್ಟು ಕರೆಯುವ, ಕೈಯಿಂದ ಕಾಳು ತಿನ್ನುವ ಸಾಕುಕೋಳಿಗೆ ಈ ಎರಡು ಲೆಕ್ಕಗಳೂ ಹೊಂದುವುದಿಲ್ಲ. ಮೊದಲನೆಯದು ಅಪಾಯಕರ ಕೂಡ: ಜಡ್ಡಿನ ಕೋಳಿಯನ್ನು ಕೊಯ್ಯುವಾಗ, ಗರಿ ಕೀಳುವಾಗ, ಕರುಳು ತೆಗೆಯುವಾಗ ರೋಗಾಣು ಮನುಷ್ಯನ ಕೈಗೂ ಅಡುಗೆಮನೆಗೂ ಬರುತ್ತದೆ. ಒಂಟಿ ಕೋಳಿಯ ಚಿಕಿತ್ಸೆ ನಿಂತಿರುವುದು ಮನೆಯವರು ದಿನಾ ನೋಡಿ ಗುರುತಿಟ್ಟುಕೊಂಡ ವಿವರಗಳ ಮೇಲೆ. ಪಶುವೈದ್ಯರ ಮುಂದೆ ‘ಮಂಕಾಗಿದೆ ಸಾರ್’ ಎಂದಷ್ಟೇ ಹೇಳಿದರೆ ಅವರಿಗೂ ಊಹೆಯೇ ಗತಿ.

ಕೋಳಿಗೆ ಹಲ್ಲಿಲ್ಲ. ಕುಕ್ಕಿದ ಕಾಳು ಇಡಿಯಾಗಿ ಇಳಿದು ಎದೆಯ ಮೇಲ್ಭಾಗದಲ್ಲಿ, ಸ್ವಲ್ಪ ಬಲಕ್ಕಿರುವ ಮೇವುಚೀಲದಲ್ಲಿ ಸೇರಿ ನೆನೆಯುತ್ತದೆ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಆಮ್ಲ ಸುರಿಸುವ ಚಿಕ್ಕ ಜಠರಕ್ಕೆ, ನಂತರ ಕೋಳಿ ಅಂಗಡಿಯವರು ಗಿಜರ್ಡ್ ಎನ್ನುವ ಗಟ್ಟಿ ಸ್ನಾಯುಚೀಲಕ್ಕೆ ಹೋಗುತ್ತದೆ. ನೆಲ ಕೆದಕುವಾಗ ನುಂಗಿದ ಸಣ್ಣ ಹರಳುಕಲ್ಲುಗಳು ಅಲ್ಲಿ ಉಳಿದು ಕಾಳನ್ನು ಅರೆಯುತ್ತವೆ. ತಾರಸಿಯ ಸಿಮೆಂಟಿನ ಮೇಲೆ, ಪಂಜರದ ಜಾಲರಿಯ ಮೇಲೆ ಬೆಳೆದ ಕೋಳಿಗೆ ಈ ಹರಳು ಸಿಗುವುದಿಲ್ಲ. ಇಡಿ ಜೋಳ, ಭತ್ತ ಹಾಕುವ ಮನೆಗಳಲ್ಲಿ ಒಂದು ಬಟ್ಟಲು ತೊಳೆದ ದಪ್ಪ ಮರಳು ಇಟ್ಟಿರಬೇಕು. ಚಿಪ್ಪಿನ ಪುಡಿ ಇದಕ್ಕೆ ಬದಲಿಯಲ್ಲ, ಅದು ಹೊಟ್ಟೆಯಲ್ಲಿ ಕರಗಿ ಮೊಟ್ಟೆಯ ಸಿಪ್ಪೆಗೆ ಸುಣ್ಣವಾಗುತ್ತದೆ. ಸಣ್ಣಕರುಳು ದಾಟಿದ ಮೇಲೆ ಎರಡು ಕುರುಡುಗರುಳುಗಳು ಕವಲೊಡೆದಿರುತ್ತವೆ. ಕೊನೆಯಲ್ಲಿ ಹಿಕ್ಕೆ, ಮೂತ್ರ, ಮೊಟ್ಟೆ ಮೂರಕ್ಕೂ ಒಂದೇ ದ್ವಾರ. ಕೋಳಿಯ ಮೂತ್ರ ನೀರಾಗಿ ಬರುವುದಿಲ್ಲ, ಬಿಳಿ ಸುಣ್ಣದಂಥ ಯೂರಿಕ್ ಆಮ್ಲವಾಗಿ ಹಿಕ್ಕೆಯ ಮೇಲೆ ಕೂತಿರುತ್ತದೆ.

ಆರೋಗ್ಯದ ಹಿಕ್ಕೆ ಹೇಗಿರುತ್ತದೆ ಎಂದು ತಿಳಿಯದ ಮನೆಯಲ್ಲಿ ಕಾಯಿಲೆ ಇಲ್ಲದ ಕೋಳಿಗೂ ಔಷಧ ಬೀಳುತ್ತದೆ. ಕಂದು ಅಥವಾ ಹಸಿರುಗಂದು ಬಣ್ಣದ, ತನ್ನ ಆಕಾರ ಬಿಡದ, ತುದಿಗೆ ಬಿಳಿ ಇರುವ ಹಿಕ್ಕೆ ಸರಿಯಾದದ್ದು. ಎಂಟು ಹತ್ತು ಸಲಕ್ಕೊಮ್ಮೆ ಕುರುಡುಗರುಳು ಖಾಲಿಯಾಗಿ, ಜೋನಿಬೆಲ್ಲದ ಹಾಗೆ ಅಂಟಂಟಾದ, ಬಹಳ ನಾರುವ ಕಡುಗಂದು ಹಿಕ್ಕೆ ಬರುತ್ತದೆ. ಇದನ್ನು ಭೇದಿ ಎಂದುಕೊಂಡು ಗಾಬರಿಯಾಗುವವರು ಬಹಳ. ಕಾವು ಕೂತ ಹೇಂಟೆ ದಿನಕ್ಕೆ ಒಂದೆರಡು ಸಲ ಮಾತ್ರ ಎದ್ದು ದೊಡ್ಡ ಗಾತ್ರದ, ಕೆಟ್ಟ ವಾಸನೆಯ ಹಿಕ್ಕೆ ಹಾಕುತ್ತದೆ. ಅದೂ ಸಹಜ. ಬೀಟ್‌ರೂಟ್ ಸಿಪ್ಪೆ, ಕೆಂಪು ಹರಿವೆ ಸೊಪ್ಪು ತಿಂದ ಕೋಳಿಯ ಹಿಕ್ಕೆ ಕೆಂಪಾಗುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಬಿಸಿಲಿನಲ್ಲಿ ಕೋಳಿ ಬಾಯಿ ತೆರೆದು ತೇಕುತ್ತ ಎಂದಿನ ಎರಡರಷ್ಟು ನೀರು ಕುಡಿಯುತ್ತದೆ. ಆಗ ಹಿಕ್ಕೆ ನೀರಾಗುವುದು ರೋಗದಿಂದಲ್ಲ. ನೆರಳು, ಗಾಳಿ, ತಣ್ಣೀರು ಸಿಕ್ಕರೆ ಅದು ಸರಿಹೋಗುತ್ತದೆ.

ಕಡುಹಸಿರು ಹಿಕ್ಕೆಗೆ ಮಾತ್ರ ಎರಡು ವಿರುದ್ಧ ಕಾರಣಗಳಿವೆ. ಸೊಪ್ಪು ಹೆಚ್ಚು ತಿಂದ ಕೋಳಿಯದೂ ಹಸಿರು, ಏನೂ ತಿನ್ನದೆ ಪಿತ್ತರಸ ಮಾತ್ರ ಹರಿಯುತ್ತಿರುವ ಕೋಳಿಯದೂ ಹಸಿರು. ಇವೆರಡನ್ನು ಬೇರೆ ಮಾಡುವುದು ಮೇವುಚೀಲ. ಸಂಜೆ ಗೂಡಿಗೆ ಸೇರುವ ಹೊತ್ತಿಗೆ ಅದು ಉಬ್ಬಿ ತುಂಬಿರಬೇಕು. ರಾತ್ರಿಯೆಲ್ಲ ಅರಗಿ, ಬೆಳಗ್ಗೆ ಕಾಳು ಹಾಕುವ ಮೊದಲು ಚಪ್ಪಟೆಯಾಗಿರಬೇಕು. ಸಂಜೆ ಖಾಲಿ ಇದ್ದರೆ ಕೋಳಿ ತಿಂದಿಲ್ಲ. ಬೆಳಗ್ಗೆ ತುಂಬಿದ್ದರೆ ತಿಂದದ್ದು ಇಳಿದಿಲ್ಲ. ಈ ಎರಡು ಮುಟ್ಟುವಿಕೆಗೆ ಒಂದು ನಿಮಿಷವೂ ಬೇಡ, ಇದಕ್ಕಿಂತ ನಂಬಬಹುದಾದ ಪರೀಕ್ಷೆ ಮನೆಯಲ್ಲಿ ಬೇರೊಂದಿಲ್ಲ. ಜೊತೆಗೆ ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಟ್ಟರೆ ಗರಿಯೊಳಗೆ ಅಡಗಿದ ಸೊರಗು ಬೇಗ ಗೊತ್ತಾಗುತ್ತದೆ. ಎದೆಮೂಳೆ ಚೂಪಾಗಿ ಕೈಗೆ ತಾಗಿದರೆ ಮಾಂಸ ಕರಗಿದೆ ಎಂದರ್ಥ. ಮೈ ಮುಟ್ಟಿ ‘ಜ್ವರ ಬಂದಿದೆ’ ಎನ್ನುವುದು ಮಾತ್ರ ಉಪಯೋಗವಿಲ್ಲ. ಆರೋಗ್ಯದ ಕೋಳಿಯ ಮೈಶಾಖವೇ 41ರಿಂದ 42 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಅದು ಮನುಷ್ಯನ ಕೈಗೆ ಯಾವಾಗಲೂ ಬಿಸಿಯೇ.

ಕೋಳಿ ಮಂಕಾದ ಮೊದಲ ದಿನದ ಆರೈಕೆ ಕಾರಣ ಯಾವುದಿದ್ದರೂ ಒಂದೇ. ಅದನ್ನು ಬೇರೆ ಮಾಡಬೇಕು. ಒಣಗಿದ, ಗಾಳಿಯ ಹೊಡೆತವಿಲ್ಲದ, ಬೆಚ್ಚಗಿನ ಜಾಗದಲ್ಲಿ ಪಂಜರ ಅಥವಾ ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು. ಸಾಧ್ಯವಾದರೆ ಉಳಿದ ಕೋಳಿಗಳ ಸದ್ದು ಕೇಳುವಷ್ಟು ಹತ್ತಿರ ಇರಲಿ, ಒಂಟಿಯಾದ ಕೋಳಿ ತಿನ್ನುವುದನ್ನೇ ಬಿಡುತ್ತದೆ. ತಳಕ್ಕೆ ಹಳೆಯ ಪತ್ರಿಕೆ ಹಾಸಬೇಕು, ಹೊಟ್ಟು ಹಾಸಿದರೆ ಹಿಕ್ಕೆ ಕಾಣುವುದಿಲ್ಲ. ಎಷ್ಟು ಹೊತ್ತಿಗೆ ಹಾಕಿತು, ಬಣ್ಣ ಏನು, ರಕ್ತ ಅಥವಾ ಹುಳು ಇದೆಯೇ ಎಂಬುದನ್ನು ನೋಡಿ ಫೋಟೊ ತೆಗೆದಿಟ್ಟರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ಬೇರೆ ಮಾಡುವುದರಿಂದ ಇನ್ನೊಂದು ಲಾಭ: ಯಾವ ಹಿಕ್ಕೆ ಯಾವ ಕೋಳಿಯದು ಎಂಬ ಗೊಂದಲ ಉಳಿಯುವುದಿಲ್ಲ.

ಮೇವಿಗಿಂತ ನೀರು ಮುಖ್ಯ. ಒಂದು ಹೇಂಟೆ ದಿನಕ್ಕೆ ಸುಮಾರು 200ರಿಂದ 300 ಮಿಲಿಲೀಟರ್ ನೀರು ಕುಡಿಯುತ್ತದೆ. ಭೇದಿಯಾದ ಕೋಳಿ ಸಾಯುವುದು ಹಲವು ಸಲ ಸೋಂಕಿಗಿಂತ ಮೊದಲು ನೀರು ಬತ್ತಿ. ಪಶು ಔಷಧದ ಅಂಗಡಿಯಲ್ಲಿ ಕೋಳಿಯ ಎಲೆಕ್ಟ್ರೊಲೈಟ್ ಪುಡಿ ಸಿಗುತ್ತದೆ. ಅದಿಲ್ಲದ ರಾತ್ರಿ ಮನುಷ್ಯರ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿನ ಬದಲು ಎರಡು ಲೀಟರ್ ನೀರಿಗೆ ಕರಗಿಸಿ ಇಡಬಹುದು. ಕೋಳಿಗೆ ಉಪ್ಪು ಬೇಗ ವಿಷವಾಗುವುದರಿಂದ ಈ ಜಾಗ್ರತೆ ಬೇಕು, ಪಕ್ಕದಲ್ಲಿ ಬರಿಯ ನೀರೂ ಇರಬೇಕು. ತಾನೇ ಕುಡಿಯದ ಕೋಳಿಯ ಕೊಕ್ಕಿನ ತುದಿಯನ್ನು ನೀರಿಗೆ ತಾಗಿಸಿದರೆ ಅಥವಾ ಕೊಕ್ಕಿನ ಬದಿಯಲ್ಲಿ ಹನಿಹನಿಯಾಗಿ ಬಿಟ್ಟರೆ ನುಂಗುತ್ತದೆ. ಬಾಯಿ ಅಗಲಿಸಿ ಒಳಗೆ ಸುರಿಯುವುದು ಕೊಲ್ಲುವ ಅಭ್ಯಾಸ. ಉಸಿರುನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ, ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಯ ಕಾಯಿಲೆಯಿಂದ ಉಳಿಯಬಹುದಾಗಿದ್ದ ಎಷ್ಟೋ ಕೋಳಿಗಳು ಪ್ರೀತಿಯಿಂದ ಕುಡಿಸಿದ ಕಷಾಯಕ್ಕೆ ಉಸಿರುಕಟ್ಟಿ ಸಾಯುತ್ತವೆ.

ಮೇವುಚೀಲ ಇಳಿಯುತ್ತಿದ್ದರೆ ಮೆತ್ತಗೆ ಬೆಂದ ಅನ್ನ, ನೀರಿನಲ್ಲಿ ನೆನೆಸಿದ ಕೋಳಿ ಆಹಾರ, ಬೇಯಿಸಿದ ಮೊಟ್ಟೆಯ ಚೂರು ಕೊಡಬಹುದು. ಹಾಲು ಬೇಡ, ಅದರ ಲ್ಯಾಕ್ಟೋಸ್ ಕೋಳಿಗೆ ಅರಗದೆ ಭೇದಿಯನ್ನೇ ಹೆಚ್ಚಿಸುತ್ತದೆ. ಒಂದು ಚಮಚ ಮೊಸರಿನಿಂದ ತೊಂದರೆಯಿಲ್ಲ, ಆದರೆ ಅದನ್ನು ಔಷಧ ಎಂದು ನಂಬಿ ಕಾಯಬಾರದು. ಇಪ್ಪತ್ತನಾಲ್ಕು ಗಂಟೆ ಏನೂ ತಿನ್ನದ ಕೋಳಿ, ಹಿಕ್ಕೆಯಲ್ಲಿ ರಕ್ತ ಬಿದ್ದ ಕೋಳಿ, ನಿಲ್ಲಲಾರದ ಕೋಳಿ ಮರುದಿನಕ್ಕೆ ಕಾಯುವಂಥವಲ್ಲ.

ಬೆಳಗ್ಗೆ ತುಂಬಿಯೇ ಇರುವ ಮೇವುಚೀಲ ಎರಡು ಬಗೆ. ಗಟ್ಟಿಯಾಗಿ, ಒತ್ತಿದರೆ ಕುಗ್ಗದ ಮುದ್ದೆಯಾಗಿದ್ದರೆ ಅದು ಕಟ್ಟಿಕೊಂಡ ಮೇವುಚೀಲ. ಉದ್ದುದ್ದ ಒಣಹುಲ್ಲು, ತೆಂಗಿನ ನಾರು, ಹೂವಿನ ಹಾರದ ದಾರ, ಪ್ಲಾಸ್ಟಿಕ್ ಚೂರು ಒಂದಕ್ಕೊಂದು ಹೆಣೆದುಕೊಂಡು ದಾರಿ ಮುಚ್ಚಿರುತ್ತವೆ. ಪೂಜೆಯ ಹೂವನ್ನು ದಾರ ಸಮೇತ ಹಿತ್ತಲಿಗೆ ಎಸೆಯುವ ಮನೆಗಳಲ್ಲಿ ಇದು ಸುಲಭವಾಗಿ ತಪ್ಪಿಸಬಹುದಾದ ಸಂಕಟ. ಇಂಥ ಕೋಳಿಗೆ ಕಾಳು, ಹುಲ್ಲು ಪೂರ್ತಿ ನಿಲ್ಲಿಸಿ, ಉಗುರುಬೆಚ್ಚಗಿನ ನೀರನ್ನೂ ಒಂದೆರಡು ಮಿಲಿಲೀಟರ್ ಕೊಬ್ಬರಿ ಎಣ್ಣೆಯನ್ನೂ ಹನಿಹನಿಯಾಗಿ ಕೊಟ್ಟು, ಚೀಲವನ್ನು ಬೆರಳುಗಳಿಂದ ಮೃದುವಾಗಿ ದಿನಕ್ಕೆ ಮೂರು ನಾಲ್ಕು ಸಲ ನೀವಬೇಕು. ಒಂದೆರಡು ದಿನದಲ್ಲಿ ಕರಗದಿದ್ದರೆ ಪಶುವೈದ್ಯರು ಅರಿವಳಿಕೆ ಕೊಟ್ಟು ಚೀಲವನ್ನು ಕೊಯ್ದು ತೊಳೆದು ಹೊಲಿಯಬಲ್ಲರು. ಕೋಳಿ ಇದನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಬ್ಲೇಡು ಹಿಡಿದು ಮನೆಯಲ್ಲೇ ಮಾಡುವ ಕೆಲಸ ಇದಲ್ಲ.

ಚೀಲ ಮೆತ್ತಗೆ, ನೀರು ತುಂಬಿದಂತೆ ತುಳುಕುತ್ತಿದ್ದು, ಕೊಕ್ಕಿನಿಂದ ಹುಳಿ ವಾಸನೆ ಹೊಡೆಯುತ್ತಿದ್ದರೆ ಅದು ಹುಳಿತ ಮೇವುಚೀಲ. ನಿಂತ ಮೇವಿನಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿರುತ್ತದೆ. ಇದಕ್ಕೆ ವೈದ್ಯರು ಬರೆಯುವುದು ನಿಸ್ಟಾಟಿನ್‌ನಂಥ ಶಿಲೀಂಧ್ರನಾಶಕ. ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯಾಟಿಕ್ ಇಲ್ಲಿ ಕೆಲಸ ಮಾಡುವುದಿಲ್ಲ, ಬದಲಿಗೆ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಶಿಲೀಂಧ್ರಕ್ಕೆ ಜಾಗ ಬಿಟ್ಟುಕೊಡುತ್ತದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಪುಡಿ ಮಾಡಿ ಹಾಕಿದ ಮೇಲೆಯೇ ಮೇವುಚೀಲ ಹುಳಿಯುವುದುಂಟು. ಕೋಳಿಯನ್ನು ತಲೆಕೆಳಗೆ ಹಿಡಿದು ಚೀಲ ಒತ್ತಿ ವಾಂತಿ ಮಾಡಿಸುವ ಉಪಾಯವನ್ನೂ ಜನ ಹೇಳುತ್ತಾರೆ. ಹೊರಬಂದ ದ್ರವ ಉಸಿರುನಾಳಕ್ಕೆ ನುಗ್ಗಿದರೆ ಕೋಳಿ ಕೈಯಲ್ಲೇ ಸಾಯುತ್ತದೆ. ಚಿಕಿತ್ಸೆಯಾದರೂ ಮತ್ತೆ ಮತ್ತೆ ಚೀಲ ಕಟ್ಟಿದರೆ ತೊಂದರೆ ಕೆಳಗಿದೆ ಎಂದು ತಿಳಿಯಬೇಕು: ಗಿಜರ್ಡ್‌ನಲ್ಲಿ ತಡೆ, ಕರುಳು ತುಂಬ ಹುಳು, ಇಲ್ಲವೇ ನರದ ರೋಗ. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ ಮೊದಲು ವಿವರಿಸಿದ, ಈಗ ಅವರ ಹೆಸರಿನಲ್ಲೇ ಕರೆಯುವ ಮಾರೆಕ್ ರೋಗ ಕಾಲುಗಳ ಜೊತೆಗೆ ಮೇವುಚೀಲವನ್ನು ಆಡಿಸುವ ನರವನ್ನೂ ಹಿಡಿಯುತ್ತದೆ.

ಮಳೆಗಾಲದಲ್ಲಿ ಮರಿಗಳ ದೊಡ್ಡ ಶತ್ರು ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಐಮೇರಿಯಾ ಎಂಬ ಏಕಕೋಶ ಪರಾವಲಂಬಿ ಕರುಳಿನ ಗೋಡೆಯ ಕೋಶಗಳನ್ನು ಒಡೆದು ಹೆಚ್ಚುತ್ತದೆ. ಅದರಲ್ಲಿ ಟೆನೆಲ್ಲಾ ಎಂಬ ಜಾತಿ ಕುರುಡುಗರುಳನ್ನು ಹಿಡಿದಾಗ ಹಿಕ್ಕೆಯಲ್ಲಿ ಹಸಿ ರಕ್ತ ಬೀಳುತ್ತದೆ. ಮೂರರಿಂದ ಆರು ವಾರದ ಮರಿಗಳೇ ಹೆಚ್ಚು ಬಲಿ. ಹಿಕ್ಕೆಯಲ್ಲಿ ಬಿದ್ದ ಈ ಪರಾವಲಂಬಿಯ ಮೊಟ್ಟೆಕೋಶಗಳು ತಕ್ಷಣ ಸೋಂಕುವುದಿಲ್ಲ. ಬೆಚ್ಚಗೆ, ತೇವವಾಗಿ ಒಂದೆರಡು ದಿನ ಸಿಕ್ಕರೆ ಮಾತ್ರ ಹದವಾಗುತ್ತವೆ. ಗೂಡಿನ ಹೊಟ್ಟು ಒದ್ದೆಯಾಗಿರುವುದು ರೋಗದ ಅರ್ಧ ಕಾರಣ ಎನ್ನುವುದು ಇದಕ್ಕೆ. ಫಿನಾಯಿಲ್ ಸುರಿದರೆ ಈ ಮೊಟ್ಟೆಕೋಶ ಸಾಯುವುದಿಲ್ಲ. ಒದ್ದೆ ಹೊಟ್ಟು ಎತ್ತಿಹಾಕಿ, ನೆಲ ಒಣಗಿಸಿ, ನೀರಿನ ಬಟ್ಟಲನ್ನು ಮರಿಗಳು ತುಳಿದು ಚೆಲ್ಲದಂತೆ ಎತ್ತರಿಸುವುದೇ ಮದ್ದು. ಬೀದಿಯಲ್ಲಿ ಮಕ್ಕಳಿಗೆಂದು ಕೊಳ್ಳುವ ಬಣ್ಣ ಹಚ್ಚಿದ ಮರಿಗಳು ಚಳಿ, ಹಸಿವು, ತೇವ ಎಲ್ಲವನ್ನೂ ಒಟ್ಟಿಗೆ ಅನುಭವಿಸಿ ಬಂದಿರುತ್ತವೆ. ಅವು ವಾರದೊಳಗೆ ಸಾಯುವುದರಲ್ಲಿ ಆಶ್ಚರ್ಯವಿಲ್ಲ, ಆ ವ್ಯಾಪಾರಕ್ಕೆ ದುಡ್ಡು ಕೊಡದಿರುವುದೇ ಸರಿ.

ಕಾಕ್ಸಿಡಿಯೋಸಿಸ್‌ಗೆ ಒಳ್ಳೆಯ ಔಷಧವಿದೆ. ಆ್ಯಂಪ್ರೋಲಿಯಂ ಅನ್ನು ಕುಡಿಯುವ ನೀರಿಗೆ ಶೇಕಡ 0.012ರಿಂದ 0.024ರಷ್ಟು ಬೆರೆಸಿ 3ರಿಂದ 5 ದಿನ, ಆಮೇಲೆ ಶೇಕಡ 0.006ಕ್ಕೆ ಇಳಿಸಿ ಇನ್ನೊಂದೆರಡು ವಾರ ಕೊಡುವುದು ರೂಢಿ. ಅಂಗಡಿಯ ಪುಡಿಯಲ್ಲಿ ಔಷಧದ ಅಂಶ ಎಷ್ಟಿದೆ ಎಂಬುದರ ಮೇಲೆ ಚಮಚದ ಲೆಕ್ಕ ಬದಲಾಗುವುದರಿಂದ ಪೊಟ್ಟಣದ ಮೇಲಿನ ಪ್ರಮಾಣ ಓದಿಯೇ ಬೆರೆಸಬೇಕು, ದಿನಾ ಹೊಸದಾಗಿ ಬೆರೆಸಬೇಕು, ಬೇರೆ ನೀರು ಸಿಗದಂತೆ ನೋಡಿಕೊಳ್ಳಬೇಕು. ಈ ಔಷಧ ಥಯಾಮಿನ್‌ನಂತೆ ವೇಷ ಹಾಕಿ ಪರಾವಲಂಬಿಯನ್ನು ಉಪವಾಸ ಕೆಡವುತ್ತದೆ. ಅದೇ ಹೊತ್ತಿಗೆ ಬಿ ವಿಟಮಿನ್ ಟಾನಿಕ್ ಹಾಕಿದರೆ ಔಷಧದ ಬಲ ಕುಂದುತ್ತದೆ. ಟಾನಿಕ್ ಏನಿದ್ದರೂ ಚಿಕಿತ್ಸೆ ಮುಗಿದ ಮೇಲೆ. ಅರಿಶಿನ, ಬೆಳ್ಳುಳ್ಳಿ, ಬೇವು ಸ್ವಲ್ಪ ಕೊಟ್ಟರೆ ಹಾನಿಯಿಲ್ಲ, ಆದರೆ ರಕ್ತ ಕಂಡ ಮೇಲೆ ಅವನ್ನು ನೆಚ್ಚಿ ಎರಡು ದಿನ ಕಳೆಯುವುದು ಮರಿಗಳ ಪ್ರಾಣಕ್ಕೆ ಬರುತ್ತದೆ.

ದೊಡ್ಡ ಕೋಳಿಗಳಲ್ಲಿ ನಿಧಾನ ಸೊರಗಿಗೆ ಸಾಮಾನ್ಯ ಕಾರಣ ಹುಳು. ದುಂಡುಹುಳು ಅಸ್ಕರಿಡಿಯಾ ಐದರಿಂದ ಹನ್ನೆರಡು ಸೆಂಟಿಮೀಟರ್ ಉದ್ದ ಬೆಳೆಯುತ್ತದೆ, ಹೆಚ್ಚಾದರೆ ಕರುಳನ್ನೇ ಕಟ್ಟಿಹಾಕುತ್ತದೆ. ಲಾಡಿಹುಳು ಇರುವೆ, ಜೀರುಂಡೆಗಳ ಮೂಲಕ ಬರುವುದರಿಂದ ಹಿತ್ತಲಲ್ಲಿ ಮೇಯುವ ಕೋಳಿಗೆ ಅದನ್ನು ಪೂರ್ತಿ ತಪ್ಪಿಸಲಾಗದು. ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ಬಿಳಿ ತುಂಡುಗಳು ಅಲುಗಿದರೆ ಅವು ಲಾಡಿಹುಳುವಿನ ಮೈಯ ತುಣುಕುಗಳು. ಎಲ್ಲ ಜಂತು ಔಷಧ ಎಲ್ಲ ಹುಳುವಿಗೂ ನಡೆಯುವುದಿಲ್ಲ: ಪೈಪರಜಿನ್ ದೊಡ್ಡ ದುಂಡುಹುಳುವಿಗೆ ಮಾತ್ರ, ಫೆನ್‌ಬೆಂಡಜೋಲ್ ಇನ್ನೂ ಕೆಲವು ಹುಳುಗಳಿಗೆ, ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್. ತಾಜಾ ಹಿಕ್ಕೆಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ದರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ನೋಡಿ ಹೇಳುತ್ತಾರೆ. ಕ್ಯಾಲೆಂಡರ್ ನೋಡಿ ಔಷಧ ಹಾಕುವುದಕ್ಕಿಂತ ಇದು ಮೇಲು. ಹೊಗೆಸೊಪ್ಪಿನ ನೀರು ಕುಡಿಸಿ ಹುಳು ಬೀಳಿಸುವ ಹಳೆಯ ಪ್ರಯೋಗವನ್ನು ಇನ್ನು ಬಿಡಬೇಕು, ನಿಕೋಟಿನ್ ಹುಳುವಿನ ಜೊತೆ ಕೋಳಿಯನ್ನೂ ಕೊಲ್ಲುತ್ತದೆ.

ಮೇವಿನಿಂದಲೇ ಬರುವ ಕಾಯಿಲೆಗಳಲ್ಲಿ ಬೂಷ್ಟು ಎಲ್ಲಕ್ಕಿಂತ ಕಪಟಿ. ಮಳೆಗಾಲದಲ್ಲಿ ಮುಗ್ಗಿದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಸೇರಿ ಪಿತ್ತಜನಕಾಂಗವನ್ನು ಕೆಡಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ ತಿಂದು ಸತ್ತಾಗಲೇ ಈ ವಿಷದ ಗುರುತು ಸಿಕ್ಕಿದ್ದು. ಬಿಸಿಲಿಗೆ ಹರಡಿದರೂ ಬೇಯಿಸಿದರೂ ವಿಷ ಹೋಗುವುದಿಲ್ಲ. ಮನೆಯವರು ತಿನ್ನಲಾರದ ಕಾಳು ಕೋಳಿಗೆ ಆದೀತು ಎಂಬ ಎಣಿಕೆಯೇ ತಪ್ಪು. ಸತ್ತ ಇಲಿ, ಕೊಳೆತ ಮಾಂಸ, ಅದರ ಹುಳುಗಳನ್ನು ತಿಂದ ಕೋಳಿಗೆ ಬಾಟುಲಿಸಂ ತಗುಲಿ ಕತ್ತು ಬಟ್ಟೆಯಂತೆ ಜೋಲುತ್ತದೆ.

ಇನ್ನು ಸಾಂಕ್ರಾಮಿಕಗಳು. ಪುಟ್ಟ ಮರಿಗಳ ಹಿಂಬದಿಗೆ ಬಿಳಿ ಸುಣ್ಣದಂತೆ ಅಂಟಿಕೊಂಡರೆ ಪುಲ್ಲೋರಂ, ದೊಡ್ಡವಕ್ಕೆ ಹಳದಿಹಸಿರು ಭೇದಿಯಾದರೆ ಕೋಳಿ ಟೈಫಾಯಿಡ್ ಅನುಮಾನ. ಎರಡೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕುಲದಿಂದ ಬರುವವು, ಬದುಕಿದ ಕೋಳಿ ರೋಗವಾಹಕವಾಗಿ ಉಳಿಯುತ್ತದೆ. ಎಲ್ಲಕ್ಕಿಂತ ಘೋರ ರಾಣಿಖೇತ್. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎಂದು ಕರೆಯುವುದು ಇದನ್ನೇ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಂಡ ಈ ವೈರಸ್ ರೋಗ ಅದರ ಬೆನ್ನಿಗೇ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಕಾಣಿಸಿಕೊಂಡು ಇಲ್ಲಿಯ ಹೆಸರು ಪಡೆಯಿತು. ಹಸಿರು ನೀರುಭೇದಿ, ಬಾಯಿ ತೆರೆದು ಎಳೆಯುವ ಉಸಿರು, ತಿರುಚಿದ ಕತ್ತು, ಒಂದರ ಹಿಂದೊಂದು ಸಾವು ಇದರ ಲಕ್ಷಣ. ಔಷಧವಿಲ್ಲ, ಲಸಿಕೆ ಇದೆ. ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಎಫ್ ಅಥವಾ ಲಸೋಟಾ ಲಸಿಕೆಯ ಹನಿ, ಆರರಿಂದ ಎಂಟು ವಾರಕ್ಕೆ ಆರ್‌ಟುಬಿ ಚುಚ್ಚುಮದ್ದು.

ಈ ಪತ್ರವನ್ನು ಒಬ್ಬೊಬ್ಬರಿಗಲ್ಲದೆ ಎಲ್ಲ ಮನೆಗಳಿಗೂ ಸೇರಿಸಿ ಬರೆಯಬೇಕಾಗಿರುವುದು ಮುಖ್ಯವಾಗಿ ಈ ಲಸಿಕೆಯ ಕಾರಣಕ್ಕೆ. ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದು ಕೋಳಿಯ ಮನೆ ಅದನ್ನು ಒಂಟಿಯಾಗಿ ತರಲಾರದೆ ಕೈಬಿಡುತ್ತದೆ, ಪಕ್ಕದ ಮನೆಯೂ ಹಾಗೆಯೇ ಮಾಡುತ್ತದೆ. ಬೇಲಿ ದಾಟಿ ಮೇಯುವ ಕೋಳಿಗಳಿಗೆ ರೋಗವೂ ಬೇಲಿ ದಾಟುತ್ತದೆ. ಒಂದು ಬೀದಿಯ, ಒಂದು ಬಡಾವಣೆಯ ಹತ್ತು ಹದಿನೈದು ಮನೆಗಳು ಒಂದು ದಿನ ಗೊತ್ತುಮಾಡಿ ಸ್ಥಳೀಯ ಪಶು ಆಸ್ಪತ್ರೆಯವರಿಗೆ ಮೊದಲೇ ತಿಳಿಸಿದರೆ ಒಂದೇ ಸೀಸೆಯಲ್ಲಿ ಎಲ್ಲ ಕೋಳಿಗಳಿಗೂ ಲಸಿಕೆಯಾಗುತ್ತದೆ. ಖರ್ಚು ಕೋಳಿಗೆ ಕೆಲವು ರೂಪಾಯಿ ದಾಟುವುದಿಲ್ಲ. ಸಂತೆಯಿಂದ ತಂದ ಕೋಳಿಯನ್ನು ಎರಡರಿಂದ ನಾಲ್ಕು ವಾರ ಬೇರೆ ಇಟ್ಟು ನೋಡಿ ಆಮೇಲೆ ಒಳಗೆ ಬಿಡುವುದೂ ಎಲ್ಲರೂ ಪಾಲಿಸಿದರೆ ಮಾತ್ರ ಫಲ ಕೊಡುವ ನಿಯಮ.

ಹೊಟ್ಟೆಯ ಕಾಯಿಲೆಯೆಂದೇ ಕಾಣುವ, ಆದರೆ ಹೊಟ್ಟೆಗೆ ಸಂಬಂಧಿಸದ ತೊಂದರೆಯೂ ಇದೆ. ಮೊಟ್ಟೆ ಸಿಕ್ಕಿಕೊಂಡ ಹೇಂಟೆ ಬಾಲ ಆಡಿಸುತ್ತ ತಿಣುಕುತ್ತದೆ, ತಿನ್ನುವುದಿಲ್ಲ, ನೀರಾಗಿ ಹಿಕ್ಕೆ ಹಾಕುತ್ತದೆ. ಮೊಟ್ಟೆಯ ಹಳದಿ ಹೊಟ್ಟೆಯ ಕುಹರಕ್ಕೆ ಬಿದ್ದು ಸೋಂಕಾದರೆ ಹೊಟ್ಟೆ ಊದಿ, ಹೇಂಟೆ ಮೈ ನೆಟ್ಟಗೆ ಮಾಡಿ ಕಾಲು ಅಗಲಿಸಿ ನಡೆಯುತ್ತದೆ. ಇವಕ್ಕೆ ಭೇದಿಯ ಔಷಧ ಕೊಟ್ಟು ಕೂರುವುದರಿಂದ ಅಮೂಲ್ಯ ಸಮಯ ಹೋಗುತ್ತದೆ. ಕೊನೆಯ ಮೊಟ್ಟೆ ಇಟ್ಟದ್ದು ಯಾವಾಗ ಎಂಬುದನ್ನು ವೈದ್ಯರು ಕೇಳುವುದು ಇದಕ್ಕಾಗಿಯೇ.

ಆ್ಯಂಟಿಬಯಾಟಿಕ್ ಬೇಕೇ, ಯಾವುದು, ಎಷ್ಟು ದಿನ ಎಂಬುದನ್ನು ಪಶುವೈದ್ಯರಿಗೆ ಬಿಡಬೇಕು. ಹಿಂದೆ ಕೋಳಿಗಳಿಗೆ ಧಾರಾಳವಾಗಿ ಹಾಕುತ್ತಿದ್ದ ಕೊಲಿಸ್ಟಿನ್ ಮನುಷ್ಯರ ಕೊನೆಯ ಅಸ್ತ್ರವಾದ್ದರಿಂದ ಆಹಾರಕ್ಕೆ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಔಷಧ ಕೊಟ್ಟ ಕೋಳಿಯ ಮೊಟ್ಟೆಯನ್ನು ವೈದ್ಯರು ಹೇಳುವಷ್ಟು ದಿನ ತಿನ್ನಬಾರದು, ಮಾರಬಾರದು, ನೆಂಟರಿಗೂ ಕೊಡಬಾರದು. ಸಾಲ್ಮೊನೆಲ್ಲಾ ಆರೋಗ್ಯದ ಕೋಳಿಯ ಹಿಕ್ಕೆಯಲ್ಲೂ ಇರಬಹುದು. ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ನೀರಿನ ಬಟ್ಟಲನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯದಿರುವುದು, ಐದು ವರ್ಷದೊಳಗಿನ ಮಕ್ಕಳು ಕೋಳಿಗೆ ಮುತ್ತಿಡದಂತೆ ನೋಡಿಕೊಳ್ಳುವುದು ಮನೆಯ ನಿಯಮವಾಗಬೇಕು.

ಚೇತರಿಸಿಕೊಂಡ ಕೋಳಿಯನ್ನು ಮುಸ್ಸಂಜೆಯಲ್ಲಿ ಗೂಡಿಗೆ ಬಿಟ್ಟರೆ ಜಗಳ ಕಡಿಮೆ. ಮರುದಿನದಿಂದ ಅದಕ್ಕೆ ಮೇವು ಸಿಗುತ್ತಿದೆಯೇ ಎಂದು ಒಂದು ವಾರ ಮೇವುಚೀಲ ಮುಟ್ಟಿ ನೋಡಬೇಕು. ವಾಸಿಯಾಗದ ಕೋಳಿಯೂ ಇರುತ್ತದೆ. ವಾರಗಟ್ಟಲೆ ತಿನ್ನದೆ, ಏಳಲಾರದೆ ನರಳುವ ಕೋಳಿಯನ್ನು ಪಶುವೈದ್ಯರಿಂದ ನೋವಿಲ್ಲದೆ ಮಲಗಿಸುವುದು ಅದನ್ನು ಸಾಕಿದವರ ಕರ್ತವ್ಯದ ಭಾಗವೇ.

ಸತ್ತ ಕೋಳಿಯನ್ನು ತಿಪ್ಪೆಗೆ, ಮೋರಿಗೆ, ಕೆರೆಗೆ ಎಸೆಯಬಾರದು. ಒಂದೇ ಸತ್ತಿದ್ದರೆ ಕೈಗವಸು ತೊಟ್ಟು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ಶವಪರೀಕ್ಷೆಗೆ ಕೊಡಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ ಪಶುವೈದ್ಯಕೀಯ ಕಾಲೇಜೂ ಇವೆ, ಉಳಿದ ಕಡೆ ಪಶು ಆಸ್ಪತ್ರೆ ದಾರಿ ತೋರಿಸುತ್ತದೆ. ಫ್ರೀಜರಿನಲ್ಲಿ ಗಟ್ಟಿಯಾದ ದೇಹದಿಂದ ಹೆಚ್ಚು ತಿಳಿಯುವುದಿಲ್ಲ. ಉಳಿದ ಕೋಳಿಗಳಿಗೆ ಏನು ಕೊಡಬೇಕೆಂಬುದಕ್ಕೆ ಶವಪರೀಕ್ಷೆಯಷ್ಟು ಖಚಿತ ಉತ್ತರ ಬೇರೆಲ್ಲೂ ಸಿಗದು. ಹಲವು ಕೋಳಿಗಳು ಒಂದೆರಡು ದಿನದಲ್ಲಿ ಒಟ್ಟಿಗೆ ಸತ್ತರೆ, ಜುಟ್ಟು ನೀಲಿಗಟ್ಟಿದ್ದರೆ, ಸುತ್ತ ಕಾಗೆ ಕೊಕ್ಕರೆಗಳೂ ಸಾಯುತ್ತಿದ್ದರೆ ಹಕ್ಕಿಜ್ವರದ ಅನುಮಾನದಿಂದ ಯಾವುದನ್ನೂ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. ಪಶು ಸಹಾಯವಾಣಿ 1962. ಹಕ್ಕಿಜ್ವರ ಕರ್ನಾಟಕಕ್ಕೆ ದೂರದ ಸುದ್ದಿಯಲ್ಲ, 2012ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲೇ ಅದು ಕಾಣಿಸಿಕೊಂಡಿತ್ತು. ಬೇರೆ ಕಾರಣದಿಂದ ಸತ್ತ ಕೋಳಿಯನ್ನು ಬಾವಿಯಿಂದ ದೂರ, ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಗೂಡಿನ ಹಳೆಯ ಹೊಟ್ಟು ತೆಗೆದು ಸುಟ್ಟು, ನೆಲ ತೊಳೆದು, ಸುಣ್ಣ ಬಳಿದು, ಕೆಲವು ವಾರ ಬಿಸಿಲಿಗೆ ಖಾಲಿ ಬಿಟ್ಟ ಮೇಲೆಯೇ ಹೊಸ ಮರಿ ತರಬೇಕು.

ಇತಿ,
ಕೋಳಿ ಸಾಕುವವರ ಹಿತೈಷಿ